ಎಡಗೈಯನ್ನು ಮಾತನಾಡಿಸಿದವರು

ಅವರು ಮೊಟ್ಟಮೊದಲು ಮಾತನಾಡಿಸಿದ್ದು ನನ್ನನ್ನಲ್ಲ, ನನ್ನ ಮೊಮ್ಮಗಳನ್ನೂ ಅಲ್ಲ, ಅವಳ ಎಡಗೈಯನ್ನು.

ತುಮಕೂರಿನ ಮರಳೂರಿನಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿದ್ದ ಕೋಣೆ ಅದು. ಮೆಟ್ಟಿಲೇರುವಾಗಲೇ ಒಳಗಿನಿಂದ ಚಪ್ಪಾಳೆ, ಕೇಕೆ, ‘ಮೋಸ, ಮೋಸ!’ ಎಂಬ ಕೂಗು ಕೇಳಿಸುತ್ತಿದ್ದವು. ಚಿಕಿತ್ಸೆ ನಡೆಯುವ ಸ್ಥಳವೆಂದರೆ ಅಲ್ಲೊಂದು ಗಂಭೀರ ಮೌನವಿರಬೇಕೆಂದು ನಂಬಿದ್ದ ನಾನು ವಿಳಾಸ ತಪ್ಪಿತೇನೋ ಎಂದು ಬಾಗಿಲಲ್ಲೇ ನಿಂತೆ. ಅರವತ್ತರ ಸಮೀಪದ, ತುಂಬು ಮೈಯ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಓಟದ ಶೂ ತೊಟ್ಟು, ಚೌಕಾಬಾರದ ಮನೆಗಳ ಮುಂದೆ ಮಂಡಿಯೂರಿದ್ದರು. ನಮ್ಮನ್ನು ಕಂಡವರೇ ಎದ್ದು ಬಂದರು. ಮೊಮ್ಮಗಳು ಪಾರಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಎದೆಗೆ ಒತ್ತಿಕೊಂಡಿದ್ದ ಅವಳ ಮುಷ್ಟಿಯ ಬಳಿಗೆ ಬಾಯಿ ತಂದು ಪಿಸುಗುಟ್ಟಿದರು.

‘ಏನಮ್ಮ ಎಡಗೈ, ಚೆನ್ನಾಗಿದೀಯಾ? ಒಳಗೆ ಏನೋ ಬಚ್ಚಿಟ್ಕೊಂಡಿರೋ ಹಾಗಿದೆ. ನಂಗೂ ಒಂಚೂರು ತೋರ್ಸೇ.’

ಪಾರಿ ಕಿಸಕ್ಕನೆ ನಕ್ಕಳು. ‘ಅದಕ್ಕೆ ಕಿವಿ ಇಲ್ಲ ಮಿಸ್.’

‘ಇಲ್ಲ ಅಂದೋರ್ಯಾರು? ನೀನು ಯಾವತ್ತಾದ್ರೂ ಮಾತಾಡ್ಸಿದೀಯಾ ಅದನ್ನ?’

ಮಗು ಯೋಚಿಸಿ, ಇಲ್ಲವೆಂದು ತಲೆಯಾಡಿಸಿತು.

‘ಮತ್ತೆ! ಹುಟ್ಟಿದಾಗಿಂದ ಜೊತೇಲೇ ಇದೆ, ಒಂದಿನಾನೂ ಮಾತಾಡ್ಸಿಲ್ಲ ಅಂದ್ರೆ ಯಾರಿಗಾದ್ರೂ ಸಿಟ್ಟು ಬರಲ್ವಾ?’

ಆ ಕೋಣೆಗೆ ಬರುವ ಮಕ್ಕಳೆಲ್ಲ ಅವರನ್ನು ‘ಆಟದ ಮಿಸ್’ ಎಂದು ಕರೆಯುತ್ತಿದ್ದರು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕೈಗಳನ್ನು ಆಟದ ಮೂಲಕ ಪಳಗಿಸುವುದು ಅವರ ವೃತ್ತಿ. ಸೋಮವಾರದಿಂದ ಬುಧವಾರದವರೆಗೆ ಮರಳೂರು, ಗುರುವಾರ ಗುಬ್ಬಿ, ಶನಿವಾರ ಕುಣಿಗಲ್. ಹೋದಲ್ಲೆಲ್ಲ ಒಂದು ದೊಡ್ಡ ಚೀಲ. ಅದರೊಳಗೆ ಕವಡೆ, ಬುಗುರಿ, ಬಾಟಲಿ ಮುಚ್ಚಳ, ಸ್ಪಂಜಿನ ಚೆಂಡು, ಒಂದು ಟ್ಯಾಬ್. ಕಳೆದ ತಿಂಗಳು ಅವರು ನಿವೃತ್ತರಾಗಿ ತಮ್ಮೂರಿನ ಕಡೆಗೆ ಹೊರಟುಹೋದರು. ಅಂದಿನಿಂದ ಈ ನಾಲ್ಕು ಮಾತು ಬರೆಯಬೇಕೆಂದು ಮನಸ್ಸು ತವಕಿಸುತ್ತಿದೆ. ಅವರನ್ನು ನೆನೆದಾಗಲೆಲ್ಲ, ಈ ವಯಸ್ಸಿನಲ್ಲೂ, ಯಾರೋ ಆಟಕ್ಕೆ ಕರೆದಂತಾಗಿ ಕುಳಿತಲ್ಲಿ ಕುಳಿತಿರಲಾಗುವುದಿಲ್ಲ.

ನಾನು ಜೀವಮಾನವಿಡೀ ಸಂಸ್ಕೃತ ಪಾಠ ಹೇಳಿದವನು. ಕ್ಯಾತ್ಸಂದ್ರದಲ್ಲಿ ನಮ್ಮ ಮನೆ. ಪಾರ್ವತಿ ನನ್ನ ಮಗನ ಮಗಳು. ಪಾರಿ ಎಂಬುದು ಮುದ್ದಿನ ಹೆಸರು. ಹುಟ್ಟುವ ಹೊತ್ತಿನಲ್ಲಿ ಮಿದುಳಿಗೆ ಆದ ತೊಂದರೆಯಿಂದ ಅವಳ ಎಡಗೈ ಬಿಗಿದುಕೊಂಡೇ ಬೆಳೆಯಿತು. ಹೆಬ್ಬೆರಳನ್ನು ಒಳಗಿಟ್ಟುಕೊಂಡ ಮುಷ್ಟಿ. ಅವಳ ತಂದೆತಾಯಿಗಳಿಬ್ಬರೂ ಶಾಲಾ ಉಪಾಧ್ಯಾಯರಾದ್ದರಿಂದ ಅವಳನ್ನು ಕರೆದೊಯ್ಯುವ ಭಾಗ್ಯ ನನ್ನದಾಯಿತು.

ನಾವು ಅಲ್ಲಿಗೆ ಹೋಗುವುದಕ್ಕೆ ಒಂದು ಕಾರಣವಿತ್ತು. ನಮ್ಮದು ಶಿವಭಕ್ತರ ಮನೆತನ. ಮಕ್ಕಳು ಎಂಟನೆಯ ವರ್ಷಕ್ಕೆ ಬಂದಾಗ ಗಂಡುಹೆಣ್ಣೆಂಬ ಭೇದವಿಲ್ಲದೆ ಲಿಂಗದೀಕ್ಷೆ ಕೊಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಗುರುಗಳು ಇಷ್ಟಲಿಂಗವನ್ನು ಮಗುವಿನ ಎಡ ಅಂಗೈಯ ಮೇಲಿಟ್ಟು, ಕಿವಿಯಲ್ಲಿ ಮಂತ್ರ ಹೇಳುತ್ತಾರೆ. ಅಂದಿನಿಂದ ಆ ಎಡ ಅಂಗೈಯೇ ಪೀಠ. ಬಲಗೈ ಪೂಜೆ ಮಾಡುವ ಕೈ. ಪಾರಿಯ ದೊಡ್ಡಪ್ಪನ ಮಗಳ ದೀಕ್ಷೆಯಾದ ದಿನ ಸಂಜೆ ಇವಳು ನನ್ನ ಪಕ್ಕದಲ್ಲಿ ಕುಳಿತು ತನ್ನ ಮುಷ್ಟಿಯನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು: ‘ತಾತ, ನನ್ ದೇವ್ರನ್ನ ಎಲ್ಲಿ ಕೂರಿಸ್ತಾರೆ?’

ಗುರುಗಳಲ್ಲಿ ವಿಜ್ಞಾಪಿಸಿಕೊಂಡೆ. ‘ಬಲಗೈಯಲ್ಲಿಟ್ಟರೂ ಶಿವನೇ, ತಾಯಿಯ ಕೈಯಲ್ಲಿಟ್ಟು ಮಗು ಮುಟ್ಟಿದರೂ ಶಿವನೇ. ಚಿಂತೆ ಬೇಡ’ ಎಂದು ಅಪ್ಪಣೆ ಕೊಟ್ಟರು. ನಮಗೆ ಸಮಾಧಾನವಾಯಿತು, ಪಾರಿಗೆ ಆಗಲಿಲ್ಲ. ‘ಅಕ್ಕಂಗೆ ಅವಳ ಎಡಗೈಲೇ ಇಟ್ರು. ನಂಗೂ ನನ್ ಎಡಗೈಲೇ ಇಡ್ಬೇಕು’ ಎಂದು ಹಟ ಹಿಡಿದಳು. ಮರು ವರ್ಷದ ಶ್ರಾವಣಕ್ಕೆ ದೀಕ್ಷೆಯೆಂದು ನಿಶ್ಚಯವಾಗಿತ್ತು.

ನನ್ನ ಮನೆಯಾಕೆ ತನಗೆ ತಿಳಿದ ಒಂದು ಸಾಧನೆಯನ್ನು ಆಗಲೇ ಆರಂಭಿಸಿದ್ದಳು. ಲಿಂಗದ ಗಾತ್ರಕ್ಕೆ ವಿಭೂತಿಗಟ್ಟಿಯೊಂದನ್ನು ದುಂಡಗೆ ತೇದು, ಪ್ರತಿದಿನ ಪೂಜೆಯ ಹೊತ್ತಿಗೆ ಪಾರಿಯ ಮುಷ್ಟಿಯೊಳಗೆ ತುರುಕಿ, ಮೇಲೆ ಮಡಿಬಟ್ಟೆ ಸುತ್ತಿ ಕೂರಿಸುತ್ತಿದ್ದಳು. ಹಿಡಿಯುವ ಅಭ್ಯಾಸವಾಗಲಿ ಎಂದು. ಆಟದ ಮಿಸ್ ಆ ಮೊದಲ ದಿನವೇ ಬೆರಳುಗಳ ಸಂದಿಯಲ್ಲಿ ಬೆಳ್ಳಗೆ ಮೆತ್ತಿದ್ದ ಬೂದಿಯನ್ನು ಕಂಡು ವಿಚಾರಿಸಿದರು. ಅಂದು ಜೊತೆಗೆ ಬಂದಿದ್ದ ಮನೆಯಾಕೆ ಅಭಿಮಾನದಿಂದಲೇ ವಿವರಿಸಿದಳು. ಅವರು ಬೈಯಲಿಲ್ಲ.

‘ಅಜ್ಜಿ, ಈ ಕೈಗೆ ಹಿಡಿಯೋದು ಕಲಿಸೋದೇ ಬೇಡ. ಅದು ಹಿಡ್ಕೊಂಡೇ ಬಂದಿದೆ. ಒಳಗೆ ಏನ್ ಇಟ್ರೂ ಇನ್ನಷ್ಟು ಬಿಗಿಯುತ್ತೆ. ಅದಕ್ಕೆ ಬರ್ದೇ ಇರೋದು ಬಿಡೋದು. ನಾವು ಬಿಡೋ ಆಟ ಆಡೋಣ.’

‘ಅಮ್ಮಾ, ಎಂಥ ಮಾತು! ವೈರಾಗ್ಯದ ಸಾರವನ್ನೇ ಹೇಳಿಬಿಟ್ಟಿರಿ’ ಎಂದೆ.

‘ಮೇಷ್ಟ್ರೆ, ನಾನು ವೈರಾಗ್ಯ ಹೇಳ್ತಿಲ್ಲ, ಬೆರಳು ಹೇಳ್ತಿದೀನಿ. ಸ್ವಲ್ಪ ಪಕ್ಕಕ್ಕೆ ಬನ್ನಿ, ನೀವು ನಿಂತಿರೋ ಕಡೆ ಚೆಂಡು ಬರುತ್ತೆ.’

ಶ್ರಾವಣದ ಹೊತ್ತಿಗೆ ಅಂಗೈ ಬಿಚ್ಚೀತೇ ಎಂದು ಕೇಳಿದಾಗ ಅವರು ಯಾವ ಭರವಸೆಯನ್ನೂ ಕೊಡಲಿಲ್ಲ. ‘ಗೊತ್ತಿಲ್ಲ. ಪೂರ್ತಿ ಬಿಚ್ಚಲ್ಲ, ಅದು ಮಾತ್ರ ಗೊತ್ತು. ಎಷ್ಟು ಬಿಚ್ಚುತ್ತೆ ಅನ್ನೋದನ್ನ ಆಡಿ ನೋಡ್ಬೇಕು’ ಎಂದರು. ಎಷ್ಟೋ ವೈದ್ಯರ ಬಾಗಿಲು ತಟ್ಟಿದ್ದ ನಮಗೆ, ತನಗೆ ತಿಳಿಯದ್ದನ್ನು ಇಷ್ಟು ಸಲೀಸಾಗಿ ತಿಳಿಯದೆಂದು ಹೇಳಿದ ಆ ಧ್ವನಿಯೇ ನಂಬಿಕೆ ಹುಟ್ಟಿಸಿತು.

ಅವರ ಸ್ವಭಾವದಲ್ಲಿ ಸಾಧುತನ ಸ್ವಲ್ಪವೂ ಇರಲಿಲ್ಲವೆಂಬುದನ್ನು ನಾನು ಮರೆಮಾಚುವುದಿಲ್ಲ. ಆಟೋದವರೊಡನೆ ಜಗಳವಾಡದ ದಿನವಿರಲಿಲ್ಲ. ದೇವಸ್ಥಾನಕ್ಕೆ ಕರೆದರೆ ‘ಟೈಮಿಲ್ಲ’ ಎನ್ನುತ್ತಿದ್ದರು. ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕಡಿಮೆಯಾದರೆ ಅಂಗಡಿಯವನ ಮುಂದೆ ತಟ್ಟೆಯನ್ನು ಹಾಗೆಯೇ ಹಿಡಿದು ನಿಲ್ಲುತ್ತಿದ್ದರು, ಮಾತಿಲ್ಲದೆ. ಆಟದಲ್ಲಂತೂ ಗೆಲ್ಲುವ ಹಂಬಲ ಮಿತಿಮೀರಿದ್ದು. ಕವಡೆಗಳನ್ನು ಮುಷ್ಟಿಯಲ್ಲಿ ಕುಲುಕಿ, ಕಣ್ಣು ಮುಚ್ಚಿ, ಉಫ್ ಎಂದು ಊದಿ ಎಸೆಯುವರು. ಬೇಕಾದ ಗರ ಬಿದ್ದರೆ ತೊಡೆ ತಟ್ಟುವರು. ಬೀಳದಿದ್ದರೆ ಕವಡೆಯನ್ನೇ ಗದರುವರು. ಎದುರಿಗಿರುವುದು ಏಳೆಂಟು ವರ್ಷದ ಮಗು, ಅದರ ಕೈ ತಾನು ಹೇಳಿದಂತೆ ಕೇಳದು ಎಂಬ ವಿನಾಯಿತಿಯೇನೂ ಇರುತ್ತಿರಲಿಲ್ಲ. ಕರುಣೆಯಿಂದ ಸೋಲುವುದೆಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಆಟ ತಪ್ಪಬಾರದೆಂದು ನಾನು ಪಾರಿಯನ್ನು ಗುಬ್ಬಿಗೂ ಕುಣಿಗಲ್ಲಿಗೂ ಕರೆದೊಯ್ಯುತ್ತಿದ್ದೆ. ಗುಬ್ಬಿಯಲ್ಲಿ ಒಮ್ಮೆ ಇದೇ ವಿಷಯಕ್ಕೆ ಮಾತು ಬೆಳೆಯಿತು. ಹಾಗಲವಾಡಿಯಿಂದ ತಾಯಿಯೊಬ್ಬಳು ಮಗನನ್ನು ಕರೆತರುತ್ತಿದ್ದಳು. ಆ ಹುಡುಗ ನಡುಗುವ ಬೆರಳುಗಳಿಂದ ಮುಚ್ಚಳಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಮಿಸ್ ತಮ್ಮ ಗೋಪುರವನ್ನು ಸರಸರನೆ ಮುಗಿಸಿ ‘ಗೆದ್ದೆ!’ ಎಂದು ಕೈಯೆತ್ತಿದರು. ತಾಯಿಗೆ ತಡೆಯಲಾಗಲಿಲ್ಲ.

‘ಒಂದ್ಸಲ ಸೋತ್ಬುಡಿ ಮೇಡಮ್ಮಾರೆ. ನಿಮ್ ಗಂಟೇನೋಯ್ತದೆ? ಕೂಸು ಖುಸಿಯಾಯ್ತದೆ.’

‘ಸುಳ್ಳು ಸೋಲು ಅವ್ನಿಗೆ ಗೊತ್ತಾಗ್ದೆ ಇರ್ಬೋದು ಕಣಮ್ಮ, ಅವ್ನ ಕೈಗೆ ಗೊತ್ತಾಗುತ್ತೆ. ನಾಳೆಯಿಂದ ಅದು ಕೆಲಸಾನೇ ಮಾಡಲ್ಲ.’

‘ಅಯ್ಯೋ, ಇದ್ಯಾವ ಕಲ್ಲೆದೆ ತಾಯಿ!’

ಹುಡುಗ ತಲೆಯೆತ್ತದೆಯೇ ಹೇಳಿದ: ‘ಅಮ್ಮೋ, ನೀ ಸುಮ್ಕಿರು. ಇವ್ರುನ್ನ ನಾನೇ ಸೋಲಿಸ್ತೀನಿ. ಮಿಸ್, ಇನ್ನೊಂದಾಟ.’

ಮಿಸ್ ಅವರ ಮುಖ ಆ ಕ್ಷಣದಲ್ಲಿ ಹೇಗೆ ಬೆಳಗಿತೆಂದರೆ, ಅವರು ಅಷ್ಟು ಹೊತ್ತು ಕಾದದ್ದು ಗೆಲುವಿಗಲ್ಲ, ಆ ‘ಇನ್ನೊಂದಾಟ’ ಎಂಬ ಮಾತಿಗೆ ಎಂಬುದು ನನಗೆ ಆಗ ಹೊಳೆಯಿತು.

ಪಾರಿಗೆ ಮೊದಲು ಹಾಕಿದ ಕಟ್ಟಳೆ ಬಲಗೈಗೆ ರಜೆ. ಗಿಳಿಯ ಮುಖ ಹೊಲಿದ ಹಸಿರು ಉಣ್ಣೆಚೀಲವೊಂದನ್ನು ದಿನಕ್ಕೆ ಸ್ವಲ್ಪ ಹೊತ್ತು ಅವಳ ಬಲಗೈಗೆ ತೊಡಿಸಿ, ‘ಇವ್ನು ಮಲಗಿದಾನೆ, ಎಬ್ಬಿಸ್ಬೇಡ. ಈಗಿನ ಕೆಲಸವೆಲ್ಲ ಎಡಗೈದು’ ಎನ್ನುತ್ತಿದ್ದರು. ಟ್ಯಾಬಿನ ಪರದೆಯಲ್ಲಿ ಪಂಜರವೊಂದು ಕಾಣುತ್ತಿತ್ತು. ಅದರ ಮುಂದೆ ಹಿಡಿದ ಮುಷ್ಟಿ ಕೊಂಚ ಸಡಿಲವಾದರೂ ಬಾಗಿಲು ತೆರೆದು ಹಕ್ಕಿ ಹಾರುತ್ತಿತ್ತು. ಮೊದಮೊದಲು ಹಕ್ಕಿಗಳು ಪಂಜರದಲ್ಲೇ ಕುಳಿತಿದ್ದವು. ಯಾವುದೋ ಒಂದು ಬುಧವಾರ ಒಂದು ಹಾರಿತು. ಆಗ ಕೋಣೆಯಲ್ಲಿ ಎದ್ದ ಗದ್ದಲಕ್ಕೆ ಕೆಳಗಿನ ಅಂಗಡಿಯವನು ಮೇಲೆ ಓಡಿಬಂದ. ನಾನು, ಲಘುಕೌಮುದಿಯಂಥ ವ್ಯಾಕರಣಗ್ರಂಥಗಳನ್ನು ದನಿ ಏರಿಸದೆ ಪಾಠ ಹೇಳಿದವನು, ಎಲ್ಲರಿಗಿಂತ ದೊಡ್ಡದಾಗಿ ಕೂಗಿದ್ದೆನಂತೆ.

ರಜೆಯ ಹೊತ್ತಿನಲ್ಲಿಯೇ ತಿಂಡಿಯನ್ನೂ ತಿನ್ನಬೇಕೆಂದು, ಒಂದು ದಿನ ಮನೆಗೆ ಬಂದಿದ್ದ ಅವರು ಹೇಳಿದಾಗ ಮಾತ್ರ ನಮ್ಮ ಮನೆಯಲ್ಲಿ ಅಲ್ಲೋಲಕಲ್ಲೋಲವಾಯಿತು. ‘ಎಡಗೈಲಿ ತಿನ್ನೋದಾ? ಶಿವ ಶಿವಾ! ನಮ್ಮನೇಲಿ ನಡೆಯಲ್ಲಮ್ಮ’ ಎಂದು ಮನೆಯಾಕೆ ಖಂಡಿತವಾಗಿ ನುಡಿದಳು.

‘ಅಜ್ಜಿ, ನಿಮ್ಮಲ್ಲಿ ದೇವ್ರನ್ನ ಕೂರ್ಸೋದು ಯಾವ ಕೈಲಿ?’

‘ಎಡಗೈಲಿ.’

‘ದೇವ್ರಿಗೆ ಆಗೋ ಕೈ ಇಡ್ಲಿಗೆ ಆಗಲ್ವಾ?’

ಮನೆಯಾಕೆ ನನ್ನ ಮುಖ ನೋಡಿದಳು. ಶಾಸ್ತ್ರದಿಂದ ಏನಾದರೂ ಒಂದು ಉತ್ತರ ತೆಗೆದುಕೊಡಲಿ ಎಂದು. ಅರವತ್ತು ವರ್ಷ ಪ್ರತಿನಿತ್ಯ ಎಡ ಅಂಗೈಯಲ್ಲಿ ಶಿವನನ್ನು ಕೂರಿಸಿಕೊಂಡು, ಪೂಜೆ ಮುಗಿದೊಡನೆ ಅದೇ ಕೈಯನ್ನು ಊಟದ ಪಂಕ್ತಿಯಲ್ಲಿ ಬೆನ್ನ ಹಿಂದೆ ಅಡಗಿಸಿದವನು ನಾನು. ನನಗೆ ತಡೆಯಲಾರದಷ್ಟು ನಗು ಬಂತು. ಅಂದು ಪಾರಿ ತಟ್ಟೆ ಇಡ್ಲಿಯನ್ನು ಎಡಗೈಯಿಂದ ಮುರಿದು ತಿಂದಳು. ಅರ್ಧ ಬಾಯಿಗೆ, ಅರ್ಧ ಲಂಗಕ್ಕೆ. ಮನೆಯಾಕೆ ಶಿವಶಿವಾ ಎನ್ನುತ್ತಲೇ ಇನ್ನೊಂದು ಇಡ್ಲಿ ಬಡಿಸಿದಳು.

ಕುಣಿಗಲ್ಲಿನ ಶನಿವಾರಗಳು ಪಾರಿಗೆ ಹಬ್ಬ. ಕೋಣೆಯ ಆಟ ಮುಗಿದ ಮೇಲೆ ಮಿಸ್ ಮಕ್ಕಳನ್ನೂ ಹಿರಿಯರನ್ನೂ ಕೆರೆಯ ಏರಿಗೆ ಕರೆದೊಯ್ಯುತ್ತಿದ್ದರು. ವಿಶಾಲವಾದ ಆ ನೀರಿಗೆ ಕಲ್ಲೆಸೆಯುವ ಪಂದ್ಯ. ಎಸೆಯಬೇಕಾದರೆ ಸರಿಯಾದ ಗಳಿಗೆಯಲ್ಲಿ ಬೆರಳು ಬಿಡಬೇಕು. ಪಾರಿಯ ಕೈ ಮಾತ್ರ ಎಷ್ಟು ಬೀಸಿದರೂ ಕಲ್ಲನ್ನು ಬಿಡದು. ಒಂದು ಶನಿವಾರ ಹಾಗೆಯೇ ಬೀಸಿದಾಗ ಕಲ್ಲು ಕೈತಪ್ಪಿ ಹಿಂದಕ್ಕೆ ಹಾರಿ ನನ್ನ ಪಂಚೆಯ ಮೇಲೆ ಬಿತ್ತು. ಪಾರಿ ಅಳುಮುಖ ಮಾಡಿದಳು. ಮಿಸ್ ಓಡಿಬಂದು ಅವಳನ್ನು ಎತ್ತಿ ಸುತ್ತಿಸಿದರು.

‘ಬಿಡ್ತು ಕಣೇ, ಬಿಡ್ತು! ಕೆರೆ ಮುಂದಿದ್ರೇನು, ಹಿಂದಿದ್ರೇನು? ಬಿಟ್ಟಿದ್ದು ಬಿಟ್ಟಿದ್ದೇ! ಮೇಷ್ಟ್ರೆ, ಆ ಕಲ್ಲು ಎಲ್ಲಿ? ಜೋಪಾನ!’

ಆ ಕಲ್ಲು ಇಂದಿಗೂ ನಮ್ಮ ಪೂಜಾಗೃಹದ ಗೂಡಿನಲ್ಲಿದೆ. ಅದಕ್ಕೂ ಒಂದು ಬಿಲ್ವಪತ್ರೆ ಸಲ್ಲುತ್ತದೆ.

ಕಲ್ಲು ಕೈಬಿಟ್ಟ ಮೇಲೆ ಅವರು ಇನ್ನೂ ಸೂಕ್ಷ್ಮವಾದ ಆಟಕ್ಕಾಗಿ ಹುಡುಕಾಡುತ್ತಿದ್ದರು. ನಮ್ಮ ಅಟ್ಟದ ಮೇಲೆ ನನ್ನ ತಾಯಿಯ ಕಾಲದ ಅಳಗುಳಿಮನೆಯೊಂದಿತ್ತು; ಮರದ ಹಲಗೆಯಲ್ಲಿ ಎರಡು ಸಾಲು ಗುಳಿಗಳನ್ನು ಕೊರೆದದ್ದು. ಒಂದು ಗುಳಿಯ ಹುಣಸೆಬೀಜಗಳನ್ನೆಲ್ಲ ಎತ್ತಿಕೊಂಡು, ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗುವುದು ಆಟ. ಅದನ್ನು ಒರೆಸಿ ತಂದು ಅವರ ಮುಂದಿಟ್ಟೆ. ಅವರು ಹಲಗೆಯ ಮೇಲೆ ಕೈಯಾಡಿಸಿ, ಗುಳಿಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿದರು.

‘ಮೇಷ್ಟ್ರೆ, ಇಂಥದ್ದನ್ನ ಅಟ್ಟದ ಮೇಲಿಟ್ಕೊಂಡು ಊರೆಲ್ಲ ಡಾಕ್ಟ್ರನ್ನ ಹುಡುಕಿದ್ರಾ? ಒಂದು ಬೀಜ ಬಿಡ್ಬೇಕು, ಮಿಕ್ಕಿದ್ದನ್ನ ಹಿಡ್ಕೊಂಡಿರ್ಬೇಕು. ಇದಕ್ಕಿಂತ ಇನ್ನೇನ್ ಬೇಕು ಈ ಕೈಗೆ?’

ಅಂದಿನಿಂದ ಆಟ ಸಾಗಿದ್ದು ಒಂದು ಕೂಗಿನ ಮೇಲೆ. ಪಾರಿಯ ಮುಷ್ಟಿ ಗುಳಿಯ ಮೇಲೆ ಬಂದು ಬಿಗಿದು ನಿಂತಾಗಲೆಲ್ಲ ಮಿಸ್ ಬಸ್ಸಿನ ಕಂಡಕ್ಟರನ ಧಾಟಿಯಲ್ಲಿ ‘ಮುಂದಿನ್ ಮನೇ!’ ಎಂದು ರಾಗವೆಳೆಯುತ್ತಿದ್ದರು. ಪಾರಿಗೆ ನಗು ಬರುತ್ತಿತ್ತು. ನಗು ಬಂದಾಗ ಬೆರಳು ಸಡಿಲುತ್ತಿತ್ತು. ಬೀಜ ಟಕ್ಕೆಂದು ಬೀಳುತ್ತಿತ್ತು. ಕೆಲವೊಮ್ಮೆ ಎರಡು ಬೀಳುತ್ತಿದ್ದವು. ಆಗ ಮಿಸ್ ‘ಕಳ್ಳಿ!’ ಎಂದು ಒಂದನ್ನು ಹಿಂದಕ್ಕೆ ಕೊಡುತ್ತಿದ್ದರು. ಪ್ರತಿಸಲವೂ ಪಾರಿಯೇ ಸೋಲುತ್ತಿದ್ದಳು. ಸೋತ ದಿನ ಬಸ್ಸಿನಲ್ಲಿ ಕ್ಯಾತ್ಸಂದ್ರ ಬರುವವರೆಗೂ ಎಡಗೈಯೊಡನೆ ಮುಂದಿನ ಆಟದ ಉಪಾಯವನ್ನು ಚರ್ಚಿಸುತ್ತಿದ್ದಳು. ‘ನೀನು ಅರ್ಜೆಂಟ್ ಮಾಡ್ತೀಯ ಕಣೇ, ಅದಕ್ಕೇ ಸೋತ್ವಿ’ ಎಂದು ಅದಕ್ಕೆ ಬುದ್ಧಿ ಹೇಳುವುದನ್ನು ನಾನೇ ಕೇಳಿದ್ದೇನೆ.

ಶ್ರಾವಣ ಬಂತು. ಅಂಗೈ ಪೂರ್ತಿ ಬಿಚ್ಚಿರಲಿಲ್ಲ. ಬೆರಳುಗಳು ಒಳಮುಖವಾಗಿ ಬಾಗಿಯೇ ಇದ್ದವು. ಮಿಸ್ ದೀಕ್ಷೆಯ ಹಿಂದಿನ ದಿನ ಆ ಕೈಯನ್ನು ತಮ್ಮ ಕೈಮೇಲಿಟ್ಟುಕೊಂಡು ನೋಡಿ, ‘ಹಲಗೆ ಆಗ್ಲಿಲ್ಲ, ಬಟ್ಟಲಾಗಿದೆ. ದುಂಡಗಿರೋದನ್ನ ಇಡಕ್ಕೆ ಹಲಗೆಗಿಂತ ಬಟ್ಟಲೇ ವಾಸಿ ಅಲ್ವಾ ಮೇಷ್ಟ್ರೆ?’ ಎಂದರು. ಮೊಣಕೈ ಕೆಳಗೆ ಪುಟ್ಟ ದಿಂಬಿಡಲು ಹೇಳಿದರು. ಬರಲು ಟೈಮಿಲ್ಲವೆಂದೂ ಹೇಳಿದರು.

ಆದರೂ ಬಂದರು. ಪಡಸಾಲೆಯ ಬಾಗಿಲಲ್ಲಿ, ಶೂಗಳನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲರ ಹಿಂದೆ ನಿಂತರು. ಗುರುಗಳು ಪಾರಿಯ ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅವಳ ಎಡ ಅಂಗೈಯ ಬಟ್ಟಲಿಗೆ ಇಳಿಸಿದರು. ಅದು ಗೂಡಿನಲ್ಲಿ ಹಕ್ಕಿಯ ಮೊಟ್ಟೆಯಂತೆ ಕುಳಿತಿತು. ಪಾರಿ ಉಸಿರು ಬಿಗಿಹಿಡಿದು, ಬಲಗೈಯಿಂದ ನೀರೆರೆದಳು, ಪತ್ರೆಯಿಟ್ಟಳು. ಗುರುಗಳು ಕಿವಿಯಲ್ಲಿ ಮಂತ್ರೋಪದೇಶ ಮಾಡಿದರು. ನನ್ನ ಕಣ್ಣು ಮಂಜಾಗಿದ್ದರಿಂದ ಆಮೇಲೆ ನಡೆದದ್ದು ನನಗೆ ತಕ್ಷಣ ಕಾಣಲಿಲ್ಲ. ಮನೆಯಾಕೆಯ ‘ಅಯ್ಯೋ’ ಎಂಬ ದನಿ ಕೇಳಿ ನೋಡಿದೆ.

ಪೂಜೆ ಮುಗಿದು, ಲಿಂಗವನ್ನು ಇರಿಸಿಕೊಳ್ಳುವ ಬೆಳ್ಳಿಯ ಕರಡಿಗೆಯನ್ನು ಗುರುಗಳು ತೆರೆದು ಹಿಡಿದಿದ್ದರು. ಅಷ್ಟು ಜನರ ದೃಷ್ಟಿ ಒಟ್ಟಿಗೆ ಬಿದ್ದದ್ದಕ್ಕೋ ಏನೋ, ಪಾರಿಯ ಅಂಗೈ ಲಿಂಗದ ಮೇಲೆ ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಹೆಬ್ಬೆರಳು ಒಳಗೆ ಸರಿದಿತ್ತು. ಬಿಡಲು ಯತ್ನಿಸಿದಷ್ಟೂ ಮುಷ್ಟಿ ಬಿಗಿಯಿತು. ಮನೆಯಾಕೆ ಬೆರಳು ಬಿಡಿಸಲು ಮುಂದಾದಳು.

‘ಯಾರೂ ಮುಟ್ಬೇಡಿ!’

ಬಾಗಿಲ ಕಡೆಯಿಂದ ಬಂದ ಆ ಕೂಗಿಗೆ ಗುರುಗಳೂ ತಲೆಯೆತ್ತಿದರು. ನೆರೆದವರೆಲ್ಲ ತಿರುಗಿದರು. ಆಟದ ಮಿಸ್ ಒಂದು ಕೈಯಲ್ಲಿ ಶೂಗಳನ್ನು ಹಿಡಿದು, ಇನ್ನೊಂದು ಕೈಯನ್ನು ಬಾಯಿಗೆ ಅಡ್ಡವಿಟ್ಟು, ಆ ಮಂತ್ರಘೋಷದ ಮನೆಯಲ್ಲಿ ಕಂಡಕ್ಟರನ ಧಾಟಿಯಲ್ಲಿ ರಾಗವೆಳೆದರು:

‘ಪಾರೀ… ಮುಂದಿನ್ ಮನೇ!’

ಪಾರಿ ಒಂದು ಕ್ಷಣ ಬೆಪ್ಪಾದಳು. ಆಮೇಲೆ ನಗು ಅವಳ ಹೊಟ್ಟೆಯಿಂದಲೇ ಉಕ್ಕಿ ಬಂತು. ಭುಜ ಕುಲುಕಿತು, ಮಣಿಕಟ್ಟು ಸಡಿಲಿತು. ಕಿರುಬೆರಳು ಮೊದಲು ಹೊರಬಂತು, ಆಮೇಲೆ ಪಕ್ಕದ್ದು, ಕಟ್ಟಕಡೆಗೆ ಹೆಬ್ಬೆರಳು. ಬಲಗೈಯ ನೆರವಿಲ್ಲದೆ, ಅಭ್ಯಾಸಬಲದಿಂದ, ಎಡಗೈ ತಾನಾಗಿ ಕರಡಿಗೆಯ ಮೇಲೆ ಬಂದು ಓರೆಯಾಯಿತು. ಲಿಂಗ ಬೆಳ್ಳಿಗೆ ತಾಗಿದ ಪುಟ್ಟ ನಾದ ಪಡಸಾಲೆಗೆಲ್ಲ ಕೇಳಿಸಿತು.

ಗುರುಗಳು ಕರಡಿಗೆ ಮುಚ್ಚಿ, ಅದನ್ನು ಕಣ್ಣಿಗೊತ್ತಿಕೊಂಡು, ನಸುನಕ್ಕರು. ‘ಆ ತಾಯಿಯನ್ನು ಮುಂದಕ್ಕೆ ಕರೆಯಿರಿ. ಈ ಮಂತ್ರ ನಮಗೆ ತಿಳಿದಿರಲಿಲ್ಲ.’

ಪ್ರಸಾದವಾದ ಮೇಲೆ ಪಾರಿ, ಕೊರಳಲ್ಲಿ ಹೊಸ ಕರಡಿಗೆ ತೂಗುತ್ತಿರಲು, ಅಳಗುಳಿಮನೆಯನ್ನು ಎಳೆದುಕೊಂಡು ಬಂದಳು. ‘ಮಿಸ್, ಆಟ.’ ಬಸ್ಸಿಗೆ ಹೊತ್ತಾಯಿತೆನ್ನುತ್ತಲೇ ಅವರು ಸೆರಗು ಬಿಗಿದು ಕುಳಿತರು. ಆ ದಿನ ಎಡಗೈಯ ಮೈಮೇಲೆ ಏನು ಬಂದಿತ್ತೋ ಶಿವನೇ ಬಲ್ಲ. ಬೀಜಗಳು ಒಂದೊಂದಾಗಿ, ನಿಧಾನವಾಗಿ, ಬೀಳಬೇಕಾದ ಗುಳಿಗಳಿಗೇ ಬಿದ್ದವು. ಮಿಸ್ ಊದಿದರು, ತೊಡೆ ತಟ್ಟಿದರು, ಬೀಜಗಳನ್ನು ಗದರಿದರು. ಕೊನೆಗೆ ತಮ್ಮ ಸಾಲಿನ ಗುಳಿಗಳೆಲ್ಲ ಬರಿದಾದುದನ್ನು ಕಂಡು ನಂಬದವರಂತೆ ಹಲಗೆಯನ್ನು ಎತ್ತಿ, ಅದರಡಿಯಲ್ಲಿಯೂ ನೋಡಿದರು.

‘ಸೋತ್ರಾ ಮಿಸ್?’

‘ಸೋತೆ ಕಣೇ. ನಿಜವಾಗ್ಲೂ ಸೋತೆ!’ ಎಂದವರು ಪಾರಿಯ ಎಡಗೈಯನ್ನು ಕೆನ್ನೆಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕೂಡಲೇ ಸೆಟೆದು ಕುಳಿತು, ‘ಇನ್ನೊಂದಾಟ!’ ಎಂದರು. ಬಸ್ಸು ತಪ್ಪಿತು.

ಹೊರಡುವಾಗ ಮೆಟ್ಟಿಲ ಮೇಲೆ ಶೂ ದಾರ ಕಟ್ಟಿಕೊಳ್ಳುತ್ತ ನನಗೆ ಹೇಳಿದರು: ‘ಮೇಷ್ಟ್ರೆ, ನೀವು ಬರೆಯೋರು. ಯಾವತ್ತಾದ್ರೂ ಇದನ್ನ ಬರೆದ್ರೆ ನನ್ ಹೆಸ್ರು ಮಾತ್ರ ಹಾಕ್ಬೇಡಿ. ಏಳೆಂಟು ವರ್ಷದ ಹುಡುಗಿ ಕೈಲಿ ಸೋತೋಳು ಅಂತ ಗುಬ್ಬಿ, ಕುಣಿಗಲ್ ಮಕ್ಕಳಿಗೆಲ್ಲ ಗೊತ್ತಾಗೋದ್ರೆ ನನ್ ಮಾನ ಉಳಿಯಲ್ಲ.’

ನಾನು ಮಾತು ಕೊಟ್ಟೆ; ಉಳಿಸಿಕೊಂಡಿದ್ದೇನೆ. ಪಾರಿ ಅಂಥ ಮಾತೇನೂ ಕೊಟ್ಟಿರಲಿಲ್ಲ. ಮುಂದಿನ ಗುರುವಾರ ಗುಬ್ಬಿಯ ಕೋಣೆಯ ಹೊಸ್ತಿಲಲ್ಲಿ ನಿಂತು, ‘ಆಟದ ಮಿಸ್ ಸೋತೋದ್ರು!’ ಎಂದು ಅವಳು ಸಾರಿದಾಗ, ಹಾಗಲವಾಡಿಯ ಹುಡುಗ ಮುಚ್ಚಳಗಳನ್ನು ಬಿಟ್ಟು ತಲೆಯೆತ್ತಿದ.

‘ದಿಟವಾಗ್ಲೂ? ಯಾವ್ ಕೈಲಿ ಸೋಲ್ಸ್ದೆ?’

ಪಾರಿ ಎತ್ತಿ ತೋರಿಸಿದಳು.